ಎದೆಯ ಮೇಲೆ ಎರಡು ಭಾಷೆ

“ಅಕ್ಕಾ, ಎಮರ್ಜೆನ್ಸಿಗೆ ಬರ್ಬೇಕಂತೆ. ಸ್ಪ್ಯಾನಿಷ್ ಮಾತಾಡೋರು ಬಂದಿದ್ದಾರೆ!” ನರ್ಸ್ ಬಾಗಿಲಲ್ಲೇ ನಿಂತು ಕೂಗಿದಳು. ಲ್ಯಾಬ್ ಅಕ್ಕ ಆಗ ಯಾರದೋ ತೋಳಿನಲ್ಲಿ ನರ ಹುಡುಕುತ್ತಿದ್ದಳು. ಹದಿನೆಂಟು ವರ್ಷ ರಕ್ತ ತೆಗೆದು ಪಳಗಿದ ಕೈ ಅದು. ಆದರೂ ಸೂಜಿ ತಪ್ಪಿತು.

ತಪ್ಪು ಅವಳದೇ. ಯಾರಿಗೆ ಯಾವ ಭಾಷೆ ಬರುತ್ತದೆಂದು ಬರೆದುಕೊಡಿ ಎಂದು ಆಸ್ಪತ್ರೆಯವರು ಕೇಳಿದಾಗ, ಹಿಂದುಮುಂದು ನೋಡದೆ ಸ್ಪ್ಯಾನಿಷ್, ಜರ್ಮನ್ ಎಂದು ಬರೆದುಕೊಟ್ಟಿದ್ದಳು. ವಾರದೊಳಗೆ ಆ ಭಾಷೆಗಳ ಹೆಸರಿದ್ದ ಎರಡು ಹಸಿರು ಚೀಟಿ ಬಂದವು, ಬಿಳಿ ಕೋಟಿನ ಎದೆಗೆ ಅಂಟಿಸಿಕೊಳ್ಳಲು. ಕ್ಯಾಂಟೀನಿನಲ್ಲಿ ದೊಡ್ಡ ಡಾಕ್ಟರು ಅವನ್ನು ಓದಿ, ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದರು. ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬರುತ್ತಿತ್ತೇ? ಬರುತ್ತಿತ್ತು, ಸ್ವಲ್ಪ. ದಿನವಿಡೀ ‘ಮುಷ್ಟಿ ಹಿಡೀರಿ, ಬಿಡಿ’ ಎಂಬ ಎರಡೇ ಮಾತಾಡಿ ಬೇಸತ್ತಿದ್ದವಳು, ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಏಳು ತಿಂಗಳು ಸ್ಪ್ಯಾನಿಷ್ ಕಲಿತಳು. ಒಂದು ಸಂಜೆ ಒಂದು ಹಾಡು ಪೂರ್ತಿ ಅರ್ಥವಾದ ಸಂಭ್ರಮದಲ್ಲಿ ಇಳಿಯುವ ಸ್ಟಾಪೇ ದಾಟಿಹೋಗಿತ್ತು. ಆಮೇಲೆ ಕಲಿತದ್ದೆಲ್ಲ ಸೋರತೊಡಗಿತು. ಆ ಬೇಸರಕ್ಕೆ ಜರ್ಮನ್ ಹಿಡಿದಳು; ಅದು ಕಬ್ಬಿಣದ ಕಡಲೆ. ಒಂದನ್ನು ಒಳಗೆ ಕರೆದರೆ ಇನ್ನೊಂದು ಎದ್ದು ಹೊರಗೆ ಹೋಗುತ್ತಿತ್ತು. “ಎರಡು ದೋಣಿ ಮೇಲೆ ಕಾಲಿಟ್ರೆ ನೀರಿಗೇ ಬೀಳೋದು ಕಣೇ,” ಎಂದು ಅತ್ತೆ ನಗುತ್ತಿದ್ದರು. “ಕಲ್ತು ಯಾರ ಹತ್ರ ಮಾತಾಡ್ತೀಯ, ಪಾತ್ರೆ ಹತ್ರಾನಾ?” ಪಾತ್ರೆಯ ಹತ್ತಿರವೂ ಮಾತಾಡಿದ್ದಳು, ಸುಳ್ಳೇಕೆ.

ಎಮರ್ಜೆನ್ಸಿಯ ಹೊರಗೆ ಬೆಂಚಿನ ಮೇಲೆ ಅರವತ್ತರ ಹೆಂಗಸೊಬ್ಬಳು ಚೀಲ ತಬ್ಬಿಕೊಂಡು ಕೂತಿದ್ದಳು. ಎಳೆಯ ಡಾಕ್ಟರು ದನಿ ತಗ್ಗಿಸಿದರು. “ಊರು ನೋಡೋಕೆ ಬಂದೋರು, ಮೇಡಂ. ಯಜಮಾನ್ರು ಹೋಗ್ಬಿಟ್ರು, ಹಾರ್ಟು. ಇವ್ರಿಗೆ ಇನ್ನೂ ಗೊತ್ತಿಲ್ಲ. ಫೋನಲ್ಲಿ ಅನುವಾದ ಮಾಡಿಸೋಣ ಅಂದ್ರೆ ಆ ಮೆಷಿನ್ ದನಿ ಕೇಳ್ತಿದ್ದ ಹಾಗೇ ಕೈಯಿಂದ ತಳ್ಬಿಟ್ರು. ಇಂಥದ್ದನ್ನ ಮನುಷ್ಯರೇ ಹೇಳ್ಬೇಕು ಬಿಡಿ. ದೇವ್ರು ಬಂದ ಹಾಗೆ ಬಂದ್ರಿ.”

“ಡಾಕ್ಟ್ರೇ, ನಂಗೆ ಅಷ್ಟೊಂದು...”

ಅಷ್ಟರಲ್ಲಿ ಹೆಂಗಸು ಹಸಿರು ಚೀಟಿಯಲ್ಲಿ ತನ್ನ ಭಾಷೆಯ ಹೆಸರು ಓದಿದ್ದಳು. ಮುಖ ಅರಳಿತು. ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದು, ತೂಬು ಕಿತ್ತ ಕೆರೆಯ ಹಾಗೆ ಮಾತಾಡತೊಡಗಿದಳು. ಅಕ್ಕನಿಗೆ ಸಿಕ್ಕಿದ್ದು ಎರಡೇ ಪದ: ಗಂಡ, ಯಾವಾಗ.

ಅಕ್ಕ ತಲೆಯೊಳಗೆಲ್ಲ ತಡಕಾಡಿದಳು. ಬ್ರೆಡ್ಡು ಸಿಕ್ಕಿತು, ಬೀಗದ ಕೈ, ರೈಲು, ನನ್ನ ತಂಗಿಯ ಮನೆ ದೊಡ್ಡದು. ಸಾವಿನ ಪಾಠದ ತನಕ ಅವಳು ಹೋಗಿಯೇ ಇರಲಿಲ್ಲ. ಜರ್ಮನ್ನಿನ ಪದವೊಂದು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಕಟ್ಟಿಕೊಂಡು ಏನು ಮಾಡುವುದು? ಇಲ್ಲವೆಂದು ತಲೆಯಾಡಿಸಬಹುದಿತ್ತು, ಅತ್ತುಬಿಡಬಹುದಿತ್ತು. ಇಡೀ ಊರಿನಲ್ಲಿ ತನ್ನೊಬ್ಬಳನ್ನೇ ನಂಬಿ ನಿಂತ ಆ ಮುಖದೆದುರು ಅದೂ ಆಗಲಿಲ್ಲ. ಹೆಂಗಸು ಗಂಡನನ್ನು ಮಲಗಿಸಿದ್ದ ಕಡೆಯ ಪರದೆಯತ್ತ ಕೈ ತೋರಿಸಿ ಮತ್ತೆ ಕೇಳಿದಳು, ಯಾವಾಗ?

“ಈಗ,” ಎಂದಳು ಅಕ್ಕ ಸ್ಪ್ಯಾನಿಷ್‌ನಲ್ಲಿ. ಉಚ್ಚಾರ ಚೊಕ್ಕವಾಗಿತ್ತು.

ಹೆಂಗಸು ಅವಳ ಕೆನ್ನೆಗೆ ಮುತ್ತು ಕೊಟ್ಟಳು.

“ಹೇಳಿದ್ರಾ?” ಡಾಕ್ಟರು ಪಿಸುಗುಟ್ಟಿದರು. “ಎಂಥ ಗಟ್ಟಿ ಮನಸ್ಸು ನೋಡಿ ಅವ್ರದು.”

ಇಲ್ಲ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಆಡಿದ ಮಾತು. ಅದೂ ಬಾಯಿಗೆ ಬರಲಿಲ್ಲ. ಅಕ್ಕ ಹೂಂ ಎಂಬಂತೆ ತಲೆಯಾಡಿಸಿಬಿಟ್ಟಳು.

ಡಾಕ್ಟರು ಪರದೆ ಸರಿಸಲು ಮುಂದೆ ಹೋದರು. ಹೆಂಗಸು ಬೆರಳಿನಿಂದ ಕೂದಲು ತೀಡಿಕೊಂಡು, ಚೀಲದಿಂದ ಗಂಡನ ಕನ್ನಡಕ ತೆಗೆದಳು. ಬಾಯಿಯ ಹಬೆ ಊದಿ, ಅಂಗಿಯ ಅಂಚಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಒಂದು ಕಲೆ ಉಳಿದಿತ್ತೇನೋ, ಅದನ್ನು ಉಜ್ಜುತ್ತಲೇ ಒಳಗೆ ನಡೆದಳು.