ಕಂಬಿ ಕೂರುವ ಜಾಗ

ಗಂಡನ ದೋಣಿಗೆ ಹೊದಿಸಿದ್ದ ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದ ಡೋರ್ಥೆಯ ಕೈಯನ್ನು ವಿಗ್ಗೊ ಮೆಲ್ಲಗೆ ಹಿಡಿದ. ಚರ್ಚಿನಿಂದ ಅವಳು ನೇರವಾಗಿ ದೋಣಿಗಳನ್ನು ಎತ್ತಿ ನಿಲ್ಲಿಸುವ ಅಂಗಳಕ್ಕೆ ಬಂದಿದ್ದಳು. ಬಂದರಿನ ಡೇನಿಷ್ ಬಾವುಟ ಸಾವಿನ ಗುರುತಾಗಿ ಅರ್ಧಕ್ಕಿಳಿದಿತ್ತು. ಸತ್ತವನ ಬೂದಿ ನೀರಿಗೆ ಸೇರಿದ ಮೇಲಷ್ಟೇ ಅದು ಮತ್ತೆ ತುದಿಗೇರುವುದು. ಅವಳ ಗಂಡ ಎಸ್ಕಿಲ್‌ನ ಬೂದಿಯ ಕುಡಿಕೆಯನ್ನು ವಿಗ್ಗೊನ ಮೀನುದೋಣಿಯಲ್ಲಿಟ್ಟುಕೊಂಡು ನೆರೆಹೊರೆಯವರು ಕಾಯುತ್ತಿದ್ದರು.

"ಅವನ ದೋಣೀಲೇ ಕರ್ಕೊಂಡು ಹೋಗೋಣ. ಅವನು ಕೇಳಿದ್ದು ಅದೊಂದೇ," ಎಂದಳು.

"ಡೆಕ್ಕೇ ಇಲ್ವಲ್ಲ ಮಾರಾಯ್ತಿ. ಒಂದು ಅಲೆ ಬಂದ್ರೆ ಹೊಟ್ಟೆ ತುಂಬ ನೀರು. ನಮ್ಮನ್ನೂ ಅವನ ಜೊತೆಗೇ ಕಳಿಸ್ತೀಯಾ?"

ತಮಾಷೆ ಯಾರಿಗೂ ಬೇಕಿರಲಿಲ್ಲ, ವಿಗ್ಗೊನಿಗಂತೂ ಬೇಕೇ ಇರಲಿಲ್ಲ. ನಲವತ್ತು ವರ್ಷದ ಗೆಳೆಯನನ್ನು ಕಳೆದುಕೊಂಡವನ ಬಾಯಿಗೆ ಸುಮ್ಮನೆ ಬಂದುಬಿಟ್ಟಿತ್ತು.

* * *

ಮೂರು ಬೇಸಿಗೆಯ ಹಿಂದೆ ದೋಣಿಯ ಮೇಲ್ಹಾಸು, ಆ ಡೆಕ್ಕು, ಕಾಲಿಟ್ಟಲ್ಲಿ ಮೆತ್ತಗೆ ತಗ್ಗಿತ್ತು. ಎಸ್ಕಿಲ್ ಮೇಲಿನ ಫೈಬರ್ ಪದರವನ್ನು ಕೊಯ್ದು ತೆಗೆದ. ಒಳಗೆ ತುಂಬಿದ್ದ ಬಾಲ್ಸಾ ಮರ ಹಾಲಿನಲ್ಲಿ ನೆನೆದ ಬ್ರೆಡ್ಡಿನಂತೆ ಕೈಗೆ ಬಂತು. ಅದರ ಜಾಗಕ್ಕೆ ಏನು ತುಂಬುವುದು ಎಂಬುದೇ ಅಲ್ಲಿಂದಾಚೆ ಆ ಮನೆಯ ಮಾತು. ಬಾಲ್ಸಾ ಹಗುರ, ಗಟ್ಟಿ, ಆದರೆ ನೀರು ಕುಡಿದರೆ ಕೊಳೆಯುತ್ತದೆ. ಫೋಮ್ ಕೊಳೆಯುವುದಿಲ್ಲ, ಸ್ಕ್ರೂ ಹಿಡಿಯುವುದೂ ಇಲ್ಲ. ಪ್ಲೈವುಡ್ ಸ್ಕ್ರೂ ಹಿಡಿಯುತ್ತದೆ, ಆದರೆ ಹೊರಲಾರದ ಭಾರ. ಮೂರರ ತುಂಡನ್ನೂ ಜಾಮಿನ ಬಾಟಲಿಗಳಲ್ಲಿ ಸಮುದ್ರದ ನೀರಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ. ಬೆಳಿಗ್ಗೆ ಎದ್ದರೆ ಮೊದಲು ಅವುಗಳ ಯೋಗಕ್ಷೇಮ, ಆಮೇಲೆ ಹೆಂಡತಿಯದು.

"ಏನಾದ್ರೂ ತುಂಬು, ನನ್ನ ಕಂಬಿ ಮಾತ್ರ ವಾಪಸ್ ಬರ್ಬೇಕು," ಎನ್ನುತ್ತಿದ್ದಳು ಡೋರ್ಥೆ. ಮಂಡಿನೋವು ಶುರುವಾದಾಗ ಅವಳು ಹಿಡಿದು ದೋಣಿ ಹತ್ತಿ ಇಳಿಯಲೆಂದು ಡೆಕ್ಕಿನ ಅಂಚಿಗೆ ಅವನೇ ಕೂರಿಸಿದ್ದ ಕಂಬಿ ಅದು. ಆ ಮಾತು ಬಂದಾಗಲೆಲ್ಲ ಎಸ್ಕಿಲ್ ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಮುಂದಿನ ಬೇಸಿಗೆಗೆ ಎನ್ನುತ್ತಿದ್ದ. ಆ ಬೇಸಿಗೆಗೆ ಮೊದಲೇ ಅವನ ಎದೆಬಡಿತ ನಿಂತಿತು.

* * *

"ಇಷ್ಟು ವರ್ಷ ಒಂದು ತುಂಡು ಆರಿಸೋಕಾಗ್ಲಿಲ್ವಾ ಅವನಿಗೆ?" ಸತ್ತವನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು.

ವಿಗ್ಗೊ ನೆಲ ನೋಡಿದ. "ಕೊಳೆ ಶುರುವಾಗಿದ್ದು ನಿನ್ನ ಕಂಬಿಯಿಂದ, ಡೋರ್ಥೆ. ಸ್ಕ್ರೂ ತೂತಿಗೆ ಅಂಟು ತುಂಬೋದು ಮರ್ತಿದ್ದ. ನೀರು ಅಲ್ಲಿಂದಲೇ ಇಳೀತು. ನಿಂಗೆ ಗೊತ್ತಾದ್ರೆ ಇನ್ನು ಕಂಬಿ ಬೇಡ ಅಂತೀಯ, ದೋಣಿ ಹತ್ತೋದೇ ಬಿಡ್ತೀಯ ಅಂತ ನನ್ನ ಬಾಯಿ ಕಟ್ಟಿದ್ದ."

ಅವಳು ಹಗ್ಗದ ಕೊನೆಯ ಗಂಟು ಬಿಚ್ಚಿದಳು. ದೋಣಿಗೆ ಒರಗಿಸಿದ್ದ ಏಣಿ ಹತ್ತಿದಳು. ಬೇಡವೆನ್ನುವ ಧೈರ್ಯವಿಲ್ಲದೆ ವಿಗ್ಗೊ ಏಣಿಯ ಬುಡ ಹಿಡಿದು ನಿಂತ.

ಟಾರ್ಪಾಲು ಸರಿಸಿದರೆ ಡೆಕ್ಕಿನ ಜಾಗ ಈ ತುದಿಯಿಂದ ಆ ತುದಿಯವರೆಗೆ ಬರಿದಾಗಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ಗೇಣಗಲದ ಪ್ಲೈವುಡ್ ಪಟ್ಟಿ ಭದ್ರವಾಗಿ ಕೂತಿತ್ತು. ಅವನು ಆರಿಸಿದ್ದು ಅಷ್ಟನ್ನೇ.

ಮೀನುದೋಣಿಯವರು ಹಾರ್ನ್ ಹಾಕಿ ಕರೆದರು. ಇಳಿಯಲೆಂದು ತಿರುಗಿದರೆ ಮಂಡಿ ಬಗ್ಗಲಿಲ್ಲ. ಕೈ ತಾನಾಗಿ ಕಂಬಿಯಿದ್ದ ಹಳೆಯ ಜಾಗಕ್ಕೆ ಹೋಯಿತು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಪಟ್ಟಿಯ ಮೇಲೆ ಸಾಲಾಗಿ ನಾಲ್ಕು ತೂತುಗಳಿದ್ದವು, ನಾಲ್ಕರ ಒಳಗೂ ಅವನು ಅಂಟು ಬಳಿದು ಒಣಗಿಸಿದ್ದ.