ಬರೀ ತಲೆನೋವು

ಅವಳ ಕೆಲಸ ಹಲ್ಲು ಮಾಡುವುದು. ಹೊಸಬರಿಗೆ ಹಾಗೆ ಹೇಳಿದರೆ ಸಾಕು, ಮೊದಲು ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ನಗುತ್ತಿದ್ದರು. ದಂತವೈದ್ಯರು ಕಳಿಸುವ ಅಳತೆಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ಸಣ್ಣ ಕಾರ್ಯಾಗಾರ ಅದು. ಐದು ಮೇಜು, ಐದು ದೀಪ, ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಗುಲಾಬಿ ಮೇಣವನ್ನು ಬಿಸಿಮಾಡಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ವಸಡನ್ನು ಕೆತ್ತಿ ತೀಡುವುದು ಅವಳ ಪಾಲು. ಎಲ್ಲರ ಬಾಯಲ್ಲೂ ಅವಳು ಮೇಣದಕ್ಕ. ನಕ್ಕಾಗ ಎದ್ದು ಕಾಣುವ ಮುಂದಿನ ಆರು ಹಲ್ಲುಗಳನ್ನು ಕಾರ್ಯಾಗಾರದ ಯಜಮಾನರು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಗೆರೆ ಎಳೆದ ಹಾಗೆ ಕೂರಿಸಿದರೆ ಕಟ್ಟಿಸಿದ್ದೆಂದು ಗೊತ್ತಾಗಿಬಿಡುತ್ತದೆ. ಒಂದನ್ನು ಕೂದಲೆಳೆಯಷ್ಟು ಓರೆ ಮಾಡಬೇಕು. ಎಷ್ಟು ಓರೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು.

ಆ ಬೆರಳುಗಳೇ ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಜೋಮು ಹಿಡಿದವು, ಎರಡು ವಾರ ಬಿಡಲಿಲ್ಲ. ಆಮೇಲೆ ಎಡಗಾಲು. ಪರೀಕ್ಷೆಗಳ ಮೇಲೆ ಪರೀಕ್ಷೆಗಳಾಗಿ ಕೊನೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಸಿಕ್ಕಿತು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಪರಕೀಯವೆಂದು ತಿಳಿದು ಹಾಳುಮಾಡುವ ಕಾಯಿಲೆ. ವಾಸಿಯಾಗುವುದಿಲ್ಲ, ಆದರೆ ಔಷಧಿಯಿಂದ ತಡೆದು ನಿಲ್ಲಿಸಬಹುದು. ಬೆರಳು ಬಹುಮಟ್ಟಿಗೆ ಮರಳಿ ಬಂತು. ಕಾಲು ಮಾತ್ರ ಸೆಕೆಯಲ್ಲಿ ಎಳೆಯುತ್ತಿತ್ತು. ಮಧ್ಯಾಹ್ನ ಅರ್ಧ ಗಂಟೆ ಮಲಗದಿದ್ದರೆ ಮೈ ಹಿಂಡಿ ಹಾಕಿದಂತಾಗುತ್ತಿತ್ತು. ನಗರದ ಬಸ್ಸು ಓಡಿಸುವ ಗಂಡ ಅವಳಿಗಾಗಿ ಪಾಳಿ ಬದಲಾಯಿಸಿಕೊಂಡ, ಬಚ್ಚಲಿಗೆ ಹಿಡಿಕೆ ಹಾಕಿಸಿದ. ಮನೆಯಲ್ಲಿ ‘ಎಂಎಸ್’ ಎಂಬ ಮಾತನ್ನು ದೂರದ ಹಿರಿಯ ನೆಂಟರೊಬ್ಬರ ಹೆಸರು ಹೇಳುವಷ್ಟು ಮರ್ಯಾದೆಯಿಂದ ಹೇಳುತ್ತಿದ್ದರು.

ಅದೇ ಮನೆಯಲ್ಲಿ ಅತ್ತೆಯ ತಲೆನೋವಿಗೆ ಮಾತ್ರ ಅಂಥ ಮರ್ಯಾದೆ ಇರಲಿಲ್ಲ. ತಿಂಗಳಿಗೆ ಎರಡು ಸಲ ಅವರು ಹಣೆಗೆ ಬಟ್ಟೆ ಬಿಗಿದುಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ‘ಇವತ್ತು ಅಮ್ಮನ ಅಂಗಡಿ ಬಂದ್’ ಎಂಬುದು ಗಂಡ ಚಿಕ್ಕಂದಿನಿಂದ ಮಾಡಿಕೊಂಡು ಬಂದ ತಮಾಷೆ. ಮದುವೆಯಾದ ಹೊಸತರಲ್ಲಿ, ಮನೆ ಬದಲಾಯಿಸುವ ದಿನವೇ ಅತ್ತೆ ಮಲಗಿದಾಗ ಅವಳೂ ಅಂದಿದ್ದಳು: “ಕೆಲಸ ಇರೋ ದಿನ ನೋಡ್ಕೊಂಡೇ ಬರುತ್ತಲ್ಲ ನಿಮ್ಮಮ್ಮನ ತಲೆನೋವು.” ಗಂಡ ನಕ್ಕಿದ್ದ. ಅವಳು ಅದನ್ನು ಅಲ್ಲಿಗೇ ಮರೆತಿದ್ದಳು.

ಈ ವರ್ಷದ ಮೊದಲಲ್ಲಿ ಒಂದು ಮಂಗಳವಾರ. ಒಬ್ಬ ನಿವೃತ್ತ ಮೇಷ್ಟ್ರ ಮೇಲ್ದವಡೆಯ ಸೆಟ್ಟು ಮೇಜಿನ ಮೇಲಿತ್ತು. ಮೇಣ ಕೆತ್ತುತ್ತಿದ್ದ ಹಾಗೆಯೇ ಎಡಗಡೆಯ ಮೂರು ಹಲ್ಲುಗಳು ಮಾಯವಾದವು. ಕೈ ಮುಟ್ಟಿದರೆ ಇವೆ, ಕಣ್ಣಿಗಿಲ್ಲ. ಅವು ಇರಬೇಕಾದ ಜಾಗದಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಮಿಣಮಿಣ ಎನ್ನುತ್ತಿತ್ತು. ಕೈಯಲ್ಲಿದ್ದ ಬಿಸಿ ಉಪಕರಣವನ್ನು ಕೆಳಗಿಡಲು ಮಾತ್ರ ಅವಳಿಗೆ ಎಚ್ಚರವಿತ್ತು. “ಸರ್, ನನ್ನ ಕಣ್ಣು ಹೋಗ್ತಿದೆ,” ಎಂದಳು. ಎಂಎಸ್ ಕಣ್ಣಿನ ನರಕ್ಕೆ ಇಳಿಯಬಹುದೆಂದು ಆರು ವರ್ಷದಿಂದ ಹೆದರಿಕೊಂಡೇ ಇದ್ದವಳು ಅವಳು.

ಯಜಮಾನರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲುಪುವಷ್ಟರಲ್ಲಿ ಗೆರೆ ಅಳಿಸಿಹೋಗಿ, ಅದರ ಬದಲು ಕಣ್ಣಿನ ಹಿಂದೆ ಮೊಳೆ ಹೊಡೆದಂಥ ನೋವು, ವಾಂತಿ. ಸ್ಕ್ಯಾನ್ ಆಯಿತು. ನರರೋಗದ ವೈದ್ಯೆ ಚಿತ್ರಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದರು.

“ಮಿದುಳಲ್ಲಿ ಎಂಎಸ್‌ದು ಹೊಸ ಕಲೆ ಒಂದೂ ಇಲ್ಲ. ಇದು ಮೈಗ್ರೇನ್. ಎಂಎಸ್ ಇರೋರಿಗೆ ಇದೂ ಇರೋದು ಅಪರೂಪ ಏನಲ್ಲ. ಮಾತ್ರೆ ಬರೆದುಕೊಡ್ತೀನಿ, ಯಾವಾಗ ಬರುತ್ತೆ ಅಂತ ಗಮನ ಇಟ್ಟಿರಿ.”

“ಅಂದರೆ ಬರೀ ತಲೆನೋವಾ?” ಎಂದ ಸುದ್ದಿ ಕೇಳಿ ಓಡಿಬಂದಿದ್ದ ಗಂಡ. ಅವನ ದನಿಯಲ್ಲಿ ಸಮಾಧಾನವೇ ಇತ್ತು. ಆದರೆ ಆ ‘ಬರೀ’ ಅವಳಿಗೆ ಚುಚ್ಚಿತು. ಅಷ್ಟು ಜನರನ್ನು ಗಾಬರಿಪಡಿಸಿ ಕೊನೆಗೆ ಇಷ್ಟೇನಾ ಎಂದು ಅವಳಿಗೆ ನಾಚಿಕೆಯಾಯಿತು.

ಆ ನಾಚಿಕೆಯಿಂದಲೇ ಒಂದು ಸುಳ್ಳು ಹುಟ್ಟಿತು. ಮೈಗ್ರೇನ್ ತಿಂಗಳಿಗೆ ನಾಲ್ಕು ಸಲ ಬರತೊಡಗಿತು. ತಲೆನೋವು ಅಂತ ರಜೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಪ್ರತಿ ಸಲವೂ “ಎಂಎಸ್ ಜೋರಾಗಿದೆ ಸರ್,” ಎಂದುಬಿಡುತ್ತಿದ್ದಳು. ಯಾರೂ ಎದುರಾಡುತ್ತಿರಲಿಲ್ಲ. ಮೂರನೆಯ ತಿಂಗಳು ಕೆಲಸಕ್ಕೆ ಹೋದಾಗ ಮುಂದಿನ ಹಲ್ಲುಗಳ ತಟ್ಟೆ ಪಕ್ಕದ ಮೇಜಿನಲ್ಲಿತ್ತು. ಅವಳ ಮೇಜಿನ ಮೇಲೆ ಪ್ಲಾಸ್ಟರಿನ ಬೋಗುಣಿ.

“ನಿಮ್ಮ ಕಾಯಿಲೆ ಹೆಚ್ಚಾಗ್ತಾ ಇದೆಯಲ್ಲ ಮೇಣದಕ್ಕ,” ಎಂದರು ಯಜಮಾನರು ನೆಲ ನೋಡುತ್ತಾ. “ಸೂಕ್ಷ್ಮದ ಕೆಲಸ ಯಾಕೆ ಸುಮ್ಮನೆ. ಸ್ವಲ್ಪ ದಿನ ಅಚ್ಚು ಹಾಕ್ಕೊಂಡಿರಿ.” ಕೇಡು ಬಯಸಿ ಹೇಳಿದ ಮಾತಲ್ಲ, ಆದ್ದರಿಂದ ಜಗಳವಾಡಲೂ ಆಗಲಿಲ್ಲ. ಸಂಜೆಯವರೆಗೆ ಅವಳು ಪ್ಲಾಸ್ಟರ್ ಕಲಸಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದ. ಬಟ್ಟೆ ಮಡಚುತ್ತಿದ್ದಾಗ ಮತ್ತೆ ಆ ಗರಗಸ. ಮಾತ್ರೆ ನುಂಗಿ ಮಂಚಕ್ಕೆ ಹೋಗಿ ಬಿದ್ದಳು. ಅತ್ತೆ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಏನಾಯಿತು ಎಂದು ಕೇಳಲಿಲ್ಲ. ಪರದೆ ಎಳೆದರು, ಟಿಕ್‌ಟಿಕ್ ಅನ್ನುವ ಗಡಿಯಾರವನ್ನು ಗೋಡೆಯಿಂದ ಇಳಿಸಿ ಹೊರಗೆ ಒಯ್ದರು, ಮಡಚಿಟ್ಟ ಬಟ್ಟೆಯ ರಾಶಿಯನ್ನೂ ಒಯ್ದರು. ಸೋಪಿನ ವಾಸನೆಯಿಂದ ಹೊಟ್ಟೆ ತೊಳಸುತ್ತಿದೆ ಎಂದು ಅವಳಿಗೇ ಆಗ ತಿಳಿದದ್ದು. ಆಮೇಲೆ ಬಕೆಟ್ಟಿನಲ್ಲಿ ಬಿಸಿನೀರು ತಂದು, ಅವಳನ್ನು ಎಬ್ಬಿಸಿ ಕೂರಿಸಿ ಕಾಲುಗಳನ್ನು ಅದರಲ್ಲಿಟ್ಟರು.

ಅಲ್ಲಿ ಮಾತ್ರ ಎಡವಟ್ಟಾಯಿತು. ಹತ್ತು ನಿಮಿಷದಲ್ಲಿ ವಾಂತಿಗೆಂದು ಎದ್ದವಳ ಎಡಗಾಲು ಬಟ್ಟೆಯ ಕಾಲಿನಂತೆ ಮಡಚಿಕೊಂಡಿತು. ಬಿಸಿ ತಗುಲಿದರೆ ಎಂಎಸ್ ಕೆರಳುತ್ತದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಅತ್ತೆ ಅವಳನ್ನು ಕಂಕುಳಲ್ಲಿ ಹಿಡಿದರು, ಹಿಡಿದವರ ಕಾಲು ಬಕೆಟ್ಟಿಗೆ ತಗುಲಿತು, ಬಕೆಟ್ಟು ಉರುಳಿತು. ಒದ್ದೆ ನೆಲದ ಮೇಲೆ ಇಬ್ಬರೂ ಅಕ್ಕಪಕ್ಕ ಕುಳಿತುಬಿಟ್ಟರು.

“ನನ್ನ ಔಷಧಿ ನಿನ್ನ ಕಾಲಿಗೆ ಆಗಲ್ಲ ಅಂತಾಯ್ತು,” ಎಂದರು ಅತ್ತೆ ಮೆಲ್ಲಗೆ. ತಣ್ಣೀರಿನ ಬಟ್ಟೆಯನ್ನು ಅವಳ ಕತ್ತಿನ ಹಿಂದೆ ಇಟ್ಟು, ನೋವು ಇಳಿಯುವವರೆಗೂ ಅಲ್ಲೇ ಕೂತರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಕೇಳಿದರು: “ಆ ಮಿಂಚು ನಿನಗೆ ಯಾವ ಕಡೆಯಿಂದ ಶುರುವಾಗುತ್ತೆ?”

ಅವಳು ತಿರುಗಿ ನೋಡಿದಳು. “ನಿಮಗೂ ಕಾಣುತ್ತಾ ಅತ್ತೆ?”

“ನಲವತ್ತು ವರ್ಷದಿಂದ. ಮೊದಲು ಚುಕ್ಕೆ, ಆಮೇಲೆ ದೊಡ್ಡದಾಗ್ತಾ ಬಲಗಡೆಗೆ ಸರಿದು ಹೋಗುತ್ತೆ. ಮಿಂಚು ಮುಗಿಯುತ್ತೆ, ನೋವು ಬರುತ್ತೆ.”

“ಯಾರಿಗೂ ಹೇಳಲಿಲ್ಲವಾ?”

“ಕಣ್ಣ ಮುಂದೆ ಬೆಳಕು ಓಡಾಡುತ್ತೆ ಅಂದರೆ ತಲೆ ಕೆಟ್ಟಿದೆ ಅಂದಾರು. ತಲೆನೋವು ಅಂದಿದ್ದಕ್ಕೇ ನಗ್ತಿದ್ದರು.”

ಅವಳಿಗೆ ಮನೆ ಬದಲಾಯಿಸಿದ ದಿನ ನೆನಪಾಯಿತು. ಸೌಟು ಕೆಳಗಿಟ್ಟು, “ಅತ್ತೆ, ನಾನೂ ಒಂದು ಸಲ…” ಎಂದು ಶುರುಮಾಡಿದಳು.

“ಕೇಳಿಸಿತ್ತು ಕಣಮ್ಮ. ಆ ಮನೆಯ ಗೋಡೆ ತೆಳ್ಳಗಿತ್ತು.”

“ಬೇಜಾರಾಗಿರಬೇಕು.”

“ಆಗದೆ ಇರುತ್ತಾ? ಎರಡು ದಿನ ನಿನ್ನ ಹತ್ತಿರ ಮಾತು ಬಿಟ್ಟಿದ್ದೆ. ನಿನಗೆ ಅದು ಗೊತ್ತೇ ಆಗಲಿಲ್ಲ, ಅದೇ ಜಾಸ್ತಿ ಬೇಜಾರು.”

ನಗಬೇಕೋ ಅಳಬೇಕೋ ಅವಳಿಗೆ ತೋಚಲಿಲ್ಲ. ಕ್ಷಮೆ ಕೇಳಿದಳು. ಅತ್ತೆ ‘ಪರವಾಗಿಲ್ಲ’ ಎಂದೇನೂ ಹೇಳಲಿಲ್ಲ. “ಹಾಲು ಉಕ್ಕುತ್ತೆ ನೋಡು,” ಎಂದರು.

ಅಲ್ಲಿಂದ ಇಬ್ಬರಿಗೂ ಮಾತಾಡಲು ಒಂದು ವಿಷಯ ಸಿಕ್ಕಿತು. ಹೊಟ್ಟೆ ಹಸಿದರೆ ಬರುತ್ತದೆ, ನಿದ್ದೆ ಹೆಚ್ಚಾದರೂ ಬರುತ್ತದೆ ಎಂದರು ಅತ್ತೆ. ನಿದ್ದೆಯದ್ದು ಅವಳಿಗೆ ಪೇಚಾಟದ ವಿಷಯ. ಎಂಎಸ್ ಮಲಗು ಅನ್ನುತ್ತದೆ, ಮೈಗ್ರೇನ್ ಏಳು ಅನ್ನುತ್ತದೆ. “ನಿನ್ನ ತಲೆಯೊಳಗೆ ಇಬ್ಬರು ವಾರಗಿತ್ತಿಯರು ಸೇರಿಕೊಂಡಿದ್ದಾರೆ,” ಎಂದು ಅತ್ತೆ ನಕ್ಕರು. ಮಧ್ಯಾಹ್ನದ ನಿದ್ದೆಗೆ ಇಪ್ಪತ್ತೈದು ನಿಮಿಷ ಎಂದು ಗೊತ್ತುಮಾಡಿದರು, ಅವರೇ ಬಂದು ಎಬ್ಬಿಸುತ್ತಿದ್ದರು. ಕೆಲಸದ ದಿನಗಳಲ್ಲಿ ಅದಕ್ಕಾಗಿ ಫೋನ್ ಮಾಡುತ್ತಿದ್ದರು.

ಮುಂದಿನ ತಪಾಸಣೆಗೆ ಅವಳು ಅತ್ತೆಯನ್ನೂ ಕರೆದುಕೊಂಡು ಹೋದಳು. ತನ್ನ ಸರದಿ ಮುಗಿದ ಮೇಲೆ ಕುರ್ಚಿ ಬಿಟ್ಟುಕೊಟ್ಟಳು. ಎಷ್ಟು ವರ್ಷದಿಂದ ಎಂದು ವೈದ್ಯೆ ಕೇಳಿದರು. “ನನ್ನ ಮಗ ಹುಟ್ಟೋಕೆ ಮುಂಚಿನಿಂದ,” ಎಂದರು ಅತ್ತೆ. ವೈದ್ಯೆ ಪೆನ್ನು ಕೆಳಗಿಟ್ಟು, ಪೂರ್ತಿ ಹೇಳಿ ಎಂದರು. ಅತ್ತೆ ಇಪ್ಪತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತು ಅತ್ತೆ ತಮ್ಮ ಬಗ್ಗೆ ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ವೈದ್ಯೆ ಇಬ್ಬರಿಗೂ ನೋವು ಬರದಂತೆ ತಡೆಗಟ್ಟುವ ಮಾತ್ರೆ ಬರೆದುಕೊಟ್ಟರು, ಬೇರೆ ಬೇರೆ. ಹೊರಡುವಾಗ ವೈದ್ಯೆ ಅವಳಿಗೆ ಒಂದು ಮಾತು ಹೇಳಿದರು: “ಮೈಗ್ರೇನಿನ ಬೆಳಕು ಸರಿಯುತ್ತಾ ಹೋಗಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತೆ. ಎಂಎಸ್ ಹಾಗಲ್ಲ, ಕೂತ ಜಾಗ ಬಿಡಲ್ಲ. ಒಂದು ದಿನ ಕಳೆದರೂ ಹೋಗಲಿಲ್ಲ ಅಂದರೆ ನನಗೆ ಫೋನ್ ಮಾಡಿ.”

ಯಜಮಾನರಿಗೆ ನಿಜ ಹೇಳುವುದು ಉಳಿದಿತ್ತು. ಒಂದು ವಾರ ಮುಂದೂಡಿ, ಕೊನೆಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದಳು.

“ಸರ್, ನಾನು ತೆಗೆದುಕೊಂಡ ರಜೆ ಎಂಎಸ್‌ಗಲ್ಲ. ತಲೆನೋವಿಗೆ.”

“ತಲೆನೋವು ಅಂದರೆ ನಾನು ರಜೆ ಕೊಡ್ತಿರಲಿಲ್ಲ ಅಂದುಕೊಂಡಿರಾ?”

“ಕೊಡ್ತಿದ್ದಿರಿ. ನಂಬ್ತಿರಲಿಲ್ಲ.”

ಯಜಮಾನರು ಒಂದು ಪ್ಲಾಸ್ಟರಿನ ದವಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಅದೂ ನಿಜ,” ಎಂದರು. ಪಕ್ಕದ ಮೇಜಿನವನು ಕೂರಿಸಿದ ಹಲ್ಲುಗಳಲ್ಲಿ ಆ ತಿಂಗಳು ಮೂರು ಸೆಟ್ಟು ವಾಪಸ್ ಬಂದಿದ್ದನ್ನೂ ಅವರೇ ಹೇಳಿದರು. ತಟ್ಟೆ ಅವಳ ಮೇಜಿಗೆ ಮರಳಿತು. ಮುಂದಿನ ಹಲ್ಲಿನ ಕೆಲಸ ಬೆಳಿಗ್ಗೆ ಮಾತ್ರ, ಮಧ್ಯಾಹ್ನದ ಮೇಲೆ ಕಣ್ಣಿಗೆ ಶ್ರಮವಿಲ್ಲದ್ದು ಎಂದು ಇಬ್ಬರೂ ಒಪ್ಪಿಕೊಂಡರು. ಕಣ್ಣು ಕುಕ್ಕುವ ಬಿಳಿ ದೀಪವನ್ನು ಬದಲಾಯಿಸಿ, ಕಣ್ಣಿಗೆ ಹೊಡೆಯದಂತೆ ಅಂಚಿಗೆ ತಗಡು ಕಟ್ಟಿದರು.

ನೋವು ನಿಂತಿತೆಂದಲ್ಲ. ತಿಂಗಳಿಗೆ ನಾಲ್ಕು ಇದ್ದದ್ದು ಒಂದೋ ಎರಡೋ ಆಯಿತು. ವರ್ಷದ ಕೊನೆಗೆ ಒಂದು ಬೆಳಿಗ್ಗೆ ಬಲಗಣ್ಣಿಗೆ ಮಂಜು ಕವಿಯಿತು. ಮಿಂಚಿಲ್ಲ, ಗೆರೆಯಿಲ್ಲ, ಅಡುಗೆಮನೆಯ ಕೆಂಪು ಡಬ್ಬಿ ಕಂದು ಬಣ್ಣಕ್ಕೆ ಮಾಸಿದಂತೆ ಕಾಣುತ್ತಿತ್ತು. ಅದು ಸರಿಯುತ್ತದೆಯೇ ಎಂದು ಕಾದಳು. ಸಂಜೆಗೂ ಅಲ್ಲೇ ಇತ್ತು, ಮರುದಿನ ಬೆಳಿಗ್ಗೆಯೂ. “ಇದು ನಿಮ್ಮದಲ್ಲ ಅತ್ತೆ, ನನ್ನದು,” ಎಂದು ಹೇಳಿ ವೈದ್ಯೆಗೆ ಫೋನ್ ಮಾಡಿದಳು. ಮಧ್ಯಾಹ್ನಕ್ಕೆ ಆಸ್ಪತ್ರೆ ಸೇರಿದಳು. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟರು. ಹೆದರಿಕೆ ಇತ್ತು, ಆದರೆ ಏನಾಗುತ್ತಿದೆ ಎಂದು ತಿಳಿಯದೆ ಒದ್ದಾಡುವ ಆ ಹಳೆಯ ಗಾಬರಿ ಇರಲಿಲ್ಲ. ಆರು ವಾರದಲ್ಲಿ ಕಣ್ಣು ಮುಕ್ಕಾಲು ಪಾಲು ತಿಳಿಯಾಯಿತು. ಇನ್ನುಳಿದದ್ದು ಬರುವುದಾದರೆ ನಿಧಾನಕ್ಕೆ ಬರುತ್ತದೆ ಎಂದರು ವೈದ್ಯೆ.

ಅವಳು ಕೆಲಸಕ್ಕೆ ಮರಳಿದ ವಾರ, ಗಂಡ ಪಾಳಿ ಮುಗಿಸಿ ಬಂದು ಎಂದಿನಂತೆ ಅವಳ ಕಣ್ಣು ಹೇಗಿದೆ, ಕಾಲು ಹೇಗಿದೆ ಎಂದು ವಿಚಾರಿಸಿದ. ಷೂ ಬಿಚ್ಚುತ್ತಾ, ಬಟಾಣಿ ಬಿಡಿಸುತ್ತಿದ್ದ ತಾಯಿಯ ಕಡೆಗೂ ತಿರುಗಿ, “ನಿನ್ನ ತಲೆ ಹೇಗಿದೆ ಅಮ್ಮ?” ಎಂದ.

ಅತ್ತೆ ಮಗನನ್ನು ಅನುಮಾನದಿಂದ ನೋಡಿದರು. “ಯಾಕೆ, ಏನಾಯ್ತು?”

“ಏನಿಲ್ಲ. ಕೇಳಿದೆ ಅಷ್ಟೇ.”

ಅತ್ತೆ ಕೈಯಲ್ಲಿದ್ದ ಬಟಾಣಿಯನ್ನು ಬಿಡಿಸಿ ಮುಗಿಸಿದರು. “ಮೊನ್ನೆ ಬಂದಿತ್ತು. ಇವತ್ತು ಪರವಾಗಿಲ್ಲ,” ಎಂದು ಹೇಳಿ ಇನ್ನೊಂದು ಬಟಾಣಿ ಕೈಗೆತ್ತಿಕೊಂಡರು.