ಹಿಡಿದು ಹೊಲಿದ ಪ್ಯಾಂಟು

ಬೀದಿಯವರೆಲ್ಲ ಅಪ್ಪನನ್ನು ಟೇಪ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಟೇಪು ಇಲ್ಲದೆ ಅವನನ್ನು ಕಂಡವರೇ ಇರಲಿಲ್ಲ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಒಂದೂವರೆ ಕೋಣೆಯ ಮನೆ. ಅಮ್ಮ ತೀರಿಕೊಂಡ ಮೇಲೆ ಉಳಿದವರು ಅಪ್ಪ, ಮಗಳು ಇಬ್ಬರೇ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಮಗಳು ಅದು ಸಿಗುವವರೆಗೆ ಅಂಗಡಿಯ ಗುಂಡಿ, ಕಾಜಾ ನೋಡಿಕೊಳ್ಳುತ್ತಿದ್ದಳು. ಅವಳ ದನಿ ಕೇಳಬೇಕಾದರೆ ಮಷಿನ್ ನಿಲ್ಲಿಸಬೇಕು ಎಂದು ಗಿರಾಕಿಗಳು ರೇಗಿಸುತ್ತಿದ್ದರು.

ಆ ಮಧ್ಯಾಹ್ನ ಅಪ್ಪನ ಪ್ಯಾಂಟಿಗೆ ಗುಂಡಿ ಹಾಕಲು ಅದರ ಒಳಮೈ ಹೊರಗೆ ತಿರುಗಿಸಿದವಳು ಹಾಗೇ ಕೂತುಬಿಟ್ಟಳು. ಸೊಂಟದ ಹಿಂದಿನ ಹೊಲಿಗೆಯ ಪಕ್ಕ ಬಿಚ್ಚಿದ ಹಳೆಯ ಹೊಲಿಗೆಯ ಸೂಜಿತೂತುಗಳ ಸಾಲು. ಅದರ ಪಕ್ಕ ಮತ್ತೊಂದು. ಅದರಾಚೆ ಇನ್ನೂ ಒಂದು. ಹಗ್ಗದ ಮೇಲೆ ಒಣಗುತ್ತಿದ್ದ ಉಳಿದ ಪ್ಯಾಂಟುಗಳನ್ನೂ ಎಳೆದು ನೋಡಿದಳು. ಎಲ್ಲದರ ಕತೆಯೂ ಅದೇ.

ಬೇರೆ ಯಾರಾದರೂ ಹೀಗೆ ಸೊರಗಿದ್ದರೆ ಬಟ್ಟೆ ಜೋಲುಬಿದ್ದು ನಾಲ್ಕು ಜನ ಕೇಳುತ್ತಿದ್ದರು. ಇವನು ಮೈ ಇಳಿದಂತೆಲ್ಲ ಸೊಂಟ ಹಿಡಿದು ಹೊಲಿದುಕೊಂಡಿದ್ದ. ದಿನವೂ ಎದುರಿಗೇ ಕೂರುವ ಮಗಳ ಕಣ್ಣಿಗೆ ಮಣ್ಣೆರಚಲು ಇಷ್ಟು ನಾಜೂಕು ಕೆಲಸ!

ಅವಳ ಮೈ ಉರಿಯಿತು. ಅಳತೆ ತೆಗೆಯುತ್ತಿದ್ದವನು ಅರ್ಧಕ್ಕೇ ಬಿಟ್ಟು ಮೇಲಕ್ಕೆ ಓಡುವುದು, ಇನ್ನು ಕೆಲವು ದಿನ ಕಕ್ಕಸಿನಲ್ಲಿ ಕೂತೇ ಇರುವುದು, ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುವುದು, ಎಲ್ಲ ಒಟ್ಟಿಗೆ ನೆನಪಾಯಿತು. ಒಮ್ಮೆ ಕಕ್ಕಸಿನಲ್ಲಿ ರಕ್ತ ಕಂಡು ಕೇಳಿದ್ದಳು. "ಮೂಲವ್ಯಾಧಿ ಕಣೇ, ಕೂತು ದುಡಿಯೋರಿಗೆಲ್ಲ ಇದ್ದಿದ್ದೇ" ಎಂದು ಬಾಯಿ ಮುಚ್ಚಿಸಿದ್ದ.

ಪ್ಯಾಂಟು ಹಿಡಿದುಕೊಂಡೇ ದಡದಡ ಕೆಳಗಿಳಿದಳು. ಮಗುವಿನ ಯೂನಿಫಾರಂ ಒಯ್ಯಲು ಬಂದ ಹೆಂಗಸೊಬ್ಬಳು ನಿಂತಿದ್ದಳು. ಎದುರಿನ ಔಷಧಿ ಅಂಗಡಿಯವನು ಸ್ಟೂಲಿನ ಮೇಲೆ ಹರಟುತ್ತ ಕೂತಿದ್ದ.

"ಅಪ್ಪ, ಏನಿದು?"

"ಪ್ಯಾಂಟು," ಅಂದ ಅಪ್ಪ, ಕತ್ತರಿ ನಿಲ್ಲಿಸದೆ. "ಡಿಗ್ರಿ ಓದಿದೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಔಷಧಿ ಅಂಗಡಿಯವನು ಕಿಸಕ್ಕನೆ ನಕ್ಕ.

"ಎಷ್ಟು ಸಲ ಹಿಡಿದಿದ್ದೀಯ ಇದನ್ನ?"

"ವಯಸ್ಸಾಯ್ತಲ್ಲ, ಸೊರಗ್ತೀನಿ. ಹೋಗು, ಕಾಜಾ ನೋಡು."

"ರಕ್ತ ಹೋಗ್ತಿದೆಯಲ್ಲ, ಅದೂ ವಯಸ್ಸಿಗಾ?"

ಯೂನಿಫಾರಂ ಹೆಂಗಸು ತಟಕ್ಕನೆ ಬೀದಿಯ ಕಡೆ ತಿರುಗಿಕೊಂಡಳು. ಅಪ್ಪನ ಕಿವಿಗಳು ಕೆಂಪಾದವು. "ಮಾನ ಮರ್ಯಾದೆ ಇದೆಯೇನೇ ನಿಂಗೆ? ಗಿರಾಕಿ ಮುಂದೆ..."

"ಅಯ್ಯೋ ಪುಟ್ಟಿ, ಅದು ಪೈಲ್ಸು," ಔಷಧಿ ಅಂಗಡಿಯವನು ನಡುವೆ ಬಾಯಿ ಹಾಕಿದ. "ಹೋದ ವರ್ಷದಿಂದ ನಾನೇ ಮುಲಾಮು ಕೊಡ್ತಿದ್ದೀನಿ."

"ನೀವು ನೋಡಿದ್ರಾ?"

"ಏನನ್ನ?"

"ಪೈಲ್ಸು ಅಂತೀರಲ್ಲ, ನೀವು ನೋಡಿದ್ರಾ? ಯಾವ ಡಾಕ್ಟರಾದ್ರೂ ನೋಡಿದ್ರಾ? ಯಾರೂ ನೋಡದೇ ಇರೋ ಕಾಯಿಲೆಗೆ ಒಂದು ವರ್ಷದಿಂದ ಮುಲಾಮು ಬಳೀತಿದ್ದೀರಾ ಇಬ್ರೂ ಸೇರ್ಕೊಂಡು?"

ಅವನು ಸ್ಟೂಲಿನಿಂದ ಎದ್ದ. ತನ್ನ ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಗೊಣಗುತ್ತ ರಸ್ತೆ ದಾಟಿದ. ಕಾಯುವವರು ಯಾರೂ ಇರಲಿಲ್ಲ.

"ಸ್ಕೂಲು ಶುರುವಾಗ್ಲಿ," ಅಪ್ಪನ ದನಿ ತಗ್ಗಿತು. "ಯೂನಿಫಾರಂ ಎಲ್ಲ ಕೊಟ್ಟುಬಿಟ್ಟು ಡಾಕ್ಟರ ಹತ್ರ ಹೋಗೋಣ."

ಅವಳು ಗೋಡೆಯ ಮೇನ್ ಸ್ವಿಚ್ ಕೆಳಗೆಳೆದಳು. ಫ್ಯಾನು ನಿಂತಿತು, ದೀಪ ಆರಿತು, ಮಷಿನ್ನಿನ ಕರೆಂಟೂ ಹೋಯಿತು. "ಈಗ ಹೋಗೋಣ."

ದಾರಿಯುದ್ದಕ್ಕೂ ಅಪ್ಪ ಬೈಯುತ್ತಲೇ ನಡೆದ. ಅವಳು ಕೈ ಬಿಡಲಿಲ್ಲ.

ಕ್ಲಿನಿಕ್ಕಿನ ಪರದೆಯ ಹಿಂದೆ ಪರೀಕ್ಷೆ ಮಾಡಿ ಬಂದ ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ಹೇಳಿದರು: "ನನಗೆ ಮೂಲವ್ಯಾಧಿ ಕಾಣಿಸಲಿಲ್ಲ. ಇದ್ದಿದ್ರೂ ಅದೊಂದೇ ಕಾರಣ ಅಂತ ಸುಮ್ನಿರೋ ಹಾಗಿಲ್ಲ. ರಕ್ತ, ಸುಸ್ತು, ತೂಕ ಇಳಿಯೋದು ಎಲ್ಲ ಒಟ್ಟಿಗಿದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಇರಬಹುದಾ ಅಂತ ನೋಡಲೇಬೇಕು. ಕರುಳೊಳಗೆ ಕ್ಯಾಮೆರಾ ಹಾಕಿ ನೋಡಿದ್ರೇ ಗೊತ್ತಾಗೋದು. ಬಹಿರ್ದೆಸೆ ಹೇಗಾಗುತ್ತೆ? ಎಷ್ಟು ದಿನದಿಂದ ಹೀಗೆ?"

"ಹೀಗೇ... ಇತ್ತೀಚೆಗೆ."

"ಸುಳ್ಳು," ಅಂದಳು ಮಗಳು.

"ನೀನು ಹೊರಗೆ ಕೂತ್ಕೋ ಪುಟ್ಟಿ. ಮಗಳ ಮುಂದೆ ಇದೆಲ್ಲ ಹೇಗೆ ಹೇಳೋದು?"

"ಹೋಗಲ್ಲ. ನಾನು ಹೋದ್ರೆ ಮತ್ತೆ ಮುಚ್ಚಿಡ್ತೀಯ. ಹೇಳು."

ಅಪ್ಪ ಗೋಡೆಯ ಕಡೆ ತಿರುಗಿದ. "ಒಂದ್ವಾರ ಕಟ್ಟಿಕೊಳ್ಳುತ್ತೆ, ಒಂದ್ವಾರ ತಡೆಯೋಕಾಗಲ್ಲ. ಪೆನ್ಸಿಲ್ ಥರ ಸಣ್ಣಗೆ. ಹೋಗಿ ಬಂದ್ರೂ ಒಳಗೆ ಇನ್ನೂ ಇದ್ದ ಹಾಗೇ. ಹೋದ ವರ್ಷದಿಂದ." ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡ. "ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ಕರುಳಿನ ಕ್ಯಾನ್ಸರಲ್ಲೇ ಹೋದ."

ದೊಡ್ಡಪ್ಪ ಹೃದಯ ನಿಂತು ತೀರಿಕೊಂಡರೆಂದು ಅವಳಿಗೆ ಹೇಳಿದ್ದರು. ಅಂದರೆ ಅಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಲಾಮು ಹಚ್ಚುತ್ತ ಕೂತಿದ್ದ.

"ಇದನ್ನ ಮೊದಲೇ ಹೇಳಬೇಕಿತ್ತು," ಡಾಕ್ಟರಮ್ಮ ಬರೆಯುತ್ತ ಮಗಳತ್ತ ನೋಡಿದರು. "ಮನೆತನದಲ್ಲಿದ್ರೆ ಮುಂದೆ ನೀವೂ ಹುಷಾರಾಗಿರಬೇಕು."

"ಹೇಳಿದ್ರೆ ಹೆದರ್ಕೊಳ್ತೀಯ ಅಂತ..." ಅಪ್ಪ ತಡವರಿಸಿದ.

"ಹೆದರ್ಕೊಂಡೇ ಇದ್ದೀನಿ," ಅವಳು ಅವನತ್ತ ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು, ಅವಳಿಗೆ ಬೇಕಾಗಿದ್ದು ಕೋಪವೇ. "ಡಾಕ್ಟ್ರೇ, ಕ್ಯಾಮೆರಾ ಪರೀಕ್ಷೆಗೆ ಇದೇ ವಾರ ದಿನ ಕೊಡಿ. ನಾನೇ ಕರ್ಕೊಂಡು ಬರ್ತೀನಿ."